ಸರ್ಕಾರಿ ಕಾರ್ಡ್ ಇದೆ, ಹೆರಿಗೆಗೆ ಎಲ್ಲಿ ತೋರಿಸೋದು?

ಎರಡು ವರ್ಷದ ಹಿಂದೆ ನನ್ನ ತಂಗಿಗೆ ಎಂಟು ತಿಂಗಳು ತುಂಬಿತ್ತು. ಮೊದಲಿಂದಲೂ ಮನೆ ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲೇ ತೋರಿಸುತ್ತಿದ್ದಳು. ಡಾಕ್ಟರಮ್ಮ ತುಂಬಾ ಒಳ್ಳೆಯವರು. ಕೂರಿಸಿ ಮಾತಾಡಿಸುತ್ತಿದ್ದರು, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದರು. ಹೊರಗೆ ಗೋಡೆ ಮೇಲೆ ಆಯುಷ್ಮಾನ್ ಬೋರ್ಡೂ ಇತ್ತು. ಬಿಪಿಎಲ್ ಕಾರ್ಡ್ ಇದೆಯಲ್ಲ, ಖರ್ಚಿನ ಚಿಂತೆ ಇಲ್ಲ ಅಂದುಕೊಂಡು ನಾವು ಯಾರೂ ಮುಂಚೆ ವಿಚಾರಿಸಲೇ ಇಲ್ಲ. ಕೊನೆಗೆ ಕೌಂಟರ್‌ಗೆ ಹೋಗಿ ಕೇಳಿದಾಗ ಅಲ್ಲಿದ್ದ ಹುಡುಗಿ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸ್ ಕೊಟ್ಟಳು. "ಬೇರೆ ಆಪರೇಷನ್‌ಗೆ ಇದು ನಡೆಯುತ್ತೆ ಅಕ್ಕ. ಹೆರಿಗೆಗೆ ನಡೆಯಲ್ಲ. ಅಡ್ವಾನ್ಸ್ ಕಟ್ಟಬೇಕು" ಅಂದಳು.

ಬೋರ್ಡು ಸುಳ್ಳಾಗಿರಲಿಲ್ಲ. ನಾವು ಕೇಳಬೇಕಾದ್ದನ್ನು ಕೇಳಿರಲಿಲ್ಲ, ಅಷ್ಟೇ. ತುಂಬು ಬಸುರಿಯನ್ನು ಕರೆದುಕೊಂಡು ಹೊಸದಾಗಿ ಆಸ್ಪತ್ರೆ ಹುಡುಕುವ ಆ ಎರಡು ವಾರ ಯಾರಿಗೂ ಬೇಡ.

ಆಮೇಲಿಂದ ಗೊತ್ತಿರುವವರು, ಅವರ ಪರಿಚಯದವರು ನನ್ನನ್ನು ಕೇಳುತ್ತಲೇ ಇರುತ್ತಾರೆ: "ನಮ್ಮ ಕಾರ್ಡ್ ತಗೊಳ್ಳುವ ಒಳ್ಳೆ ಲೇಡಿ ಡಾಕ್ಟರ್ ಯಾರಿದ್ದಾರೆ?" ನಾನು ಮೊದಲು ಹೇಳುವುದು ಒಂದೇ ಮಾತು. ಕಾರ್ಡ್ ನಡೆಯುವುದು ಆಸ್ಪತ್ರೆಯಲ್ಲಿ, ಅದೂ ಇಂತಿಂಥ ಚಿಕಿತ್ಸೆಗೆ ಅಂತ. ಡಾಕ್ಟರ್ ಹಿಂದೆ ಅದು ಹೋಗುವುದಿಲ್ಲ. ಬೆಳಿಗ್ಗೆ ಸರ್ಕಾರಿ ಆಸ್ಪತ್ರೆಯಲ್ಲಿ ಹಣವಿಲ್ಲದೆ ನೋಡುವ ಡಾಕ್ಟರೇ ಸಂಜೆ ತಮ್ಮ ಕ್ಲಿನಿಕ್‌ನಲ್ಲಿ ಕೂತರೆ ಅಲ್ಲಿ ಫೀಸು ಕೊಡಲೇಬೇಕು. ಹಾಗಾಗಿ ಮೊದಲು ಹೆರಿಗೆ ಎಲ್ಲಿ ಅಂತ ತೀರ್ಮಾನ ಮಾಡಿ. ಡಾಕ್ಟರ್ ಯಾರು ಅನ್ನುವುದು ಅದರ ಹಿಂದೆ ಬರುತ್ತದೆ.

ಯಾವುದನ್ನು ನೋಡಿ ಆರಿಸಬೇಕು?

ಎಲ್ಲಕ್ಕಿಂತ ಮೊದಲು ಬಸುರಿಯ ಆರೋಗ್ಯ. ಇದು ಸಾಮಾನ್ಯ ಹೆರಿಗೆಯಾ, ತೊಂದರೆ ಬರುವ ಸಾಧ್ಯತೆ ಜಾಸ್ತಿ ಇರುವ ಹೆರಿಗೆಯಾ? ಬಿಪಿ 140/90 ದಾಟಿದ್ದರೆ, ಎಚ್‌ಬಿ, ಅಂದರೆ ರಕ್ತದ ಹಿಮೋಗ್ಲೋಬಿನ್, 7ಕ್ಕಿಂತ ಕೆಳಗಿದ್ದರೆ, ಶುಗರ್ ಇದ್ದರೆ, ಅವಳಿ ಮಕ್ಕಳಿದ್ದರೆ, ಹಿಂದೆ ಸಿಸೇರಿಯನ್ ಆಗಿದ್ದರೆ, ಮಾಸು ಕೆಳಗಿದೆ ಅಂತ ಸ್ಕ್ಯಾನಿಂಗ್‌ನಲ್ಲಿ ಬಂದಿದ್ದರೆ, ನೀವು ಎರಡನೇ ಗುಂಪಿನವರು. ನಿಮಗೆ ಮನೆ ಹತ್ತಿರ ಅನ್ನುವುದಕ್ಕಿಂತ ದೊಡ್ಡ ಆಸ್ಪತ್ರೆ ಅನ್ನುವುದು ಮುಖ್ಯ.

ಎರಡನೆಯದು, ರಾತ್ರಿ ಎರಡು ಗಂಟೆಗೆ ಅಲ್ಲಿ ಯಾರಿರುತ್ತಾರೆ? ಹೆರಿಗೆ ನೋವು ಓಪಿಡಿ ಟೈಮ್ ನೋಡಿಕೊಂಡು ಬರುವುದಿಲ್ಲ. ಅನಸ್ತೇಷಿಯಾ ಡಾಕ್ಟರ್ ಇದ್ದಾರಾ, ರಕ್ತ ಸಿಗುತ್ತಾ, ಮಕ್ಕಳ ಡಾಕ್ಟರ್ ಕರೆದರೆ ಬರುತ್ತಾರಾ, ಹುಷಾರಿಲ್ಲದ ಎಳೆ ಮಗುವನ್ನು ಇಡುವ ತೀವ್ರ ನಿಗಾ ಘಟಕ, ಎನ್‌ಐಸಿಯು, ಎಷ್ಟು ದೂರ. ಹಗಲು ಹೊತ್ತಿನ ನಗುಮುಖಕ್ಕಿಂತ ಈ ನಾಲ್ಕು ಉತ್ತರಗಳಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಮೂರನೆಯದು, ಕಾರ್ಡ್ ಯಾವುದಕ್ಕೆ ಕೊಡುತ್ತೆ, ಯಾವುದಕ್ಕೆ ಕೊಡಲ್ಲ? ತಿಂಗಳ ಚೆಕಪ್, ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಹೆರಿಗೆ, ಸಿಸೇರಿಯನ್, ಮಗುವಿನ ಚಿಕಿತ್ಸೆ ಅಂತ ಆರು ಬಾಬ್ತುಗಳನ್ನು ಒಂದು ಹಾಳೆಯಲ್ಲಿ ಬರೆದು ಒಂದೊಂದರ ಮುಂದೆಯೂ ಕೇಳಿ ಬರೆದುಕೊಳ್ಳಿ. "ಎಲ್ಲಾ ಫ್ರೀ" ಅನ್ನುವ ಒಂದೇ ಉತ್ತರ ಸಾಲದು.

ಇನ್ನು ದೂರ, ಕೈಯಲ್ಲಿರುವ ದುಡ್ಡು, ಜೊತೆಗೆ ಯಾರಿರುತ್ತಾರೆ, ಲೇಡಿ ಡಾಕ್ಟರೇ ಬೇಕಾ ಅನ್ನುವುದೆಲ್ಲ ಮನೆಯಿಂದ ಮನೆಗೆ ಬೇರೆ.

ಸರ್ಕಾರಿ ಆಸ್ಪತ್ರೆ

ತುಂಬಾ ಜನಕ್ಕೆ ಗೊತ್ತಿಲ್ಲದ ವಿಷಯ ಇದು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ಯಾವ ವಿಮೆ ಕಾರ್ಡೂ ಬೇಕಿಲ್ಲ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಬಿಪಿಎಲ್, ಎಪಿಎಲ್ ಅಂತ ಭೇದ ಇಲ್ಲ. ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ ಎಲ್ಲವೂ ಉಚಿತ. ಸಾಮಾನ್ಯ ಹೆರಿಗೆಯಾದರೆ ಮೂರು ದಿನ, ಸಿಸೇರಿಯನ್ ಆದರೆ ಏಳು ದಿನ ಊಟವೂ ಅಲ್ಲೇ. ಮಗುವಿಗೆ ಹುಷಾರಿಲ್ಲದಿದ್ದರೆ ಒಂದು ವರ್ಷದ ತನಕ ಚಿಕಿತ್ಸೆ ಇದರಲ್ಲೇ ಬರುತ್ತದೆ. ಕರೆದುಕೊಂಡು ಹೋಗಲು 108, ಮನೆಗೆ ಬಿಡಲು ನಗು-ಮಗು ಗಾಡಿ.

ಸರ್ಕಾರಿ ಆಸ್ಪತ್ರೆ ಅಂದರೆ ಎಲ್ಲಾ ಒಂದೇ ಅಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಚೆಕಪ್ ಆಗುತ್ತದೆ, ಕೆಲವು ಕಡೆ ಸಾಮಾನ್ಯ ಹೆರಿಗೆಯೂ ಆಗುತ್ತದೆ. ಹೆರಿಗೆ ತಜ್ಞರು ಸಿಗುವುದು ತಾಲ್ಲೂಕು ಆಸ್ಪತ್ರೆಯಿಂದ ಮೇಲೆ. ತುಂಬಾ ತೊಂದರೆ ಇರುವ ಕೇಸುಗಳು ಜಿಲ್ಲಾ ಆಸ್ಪತ್ರೆಗೋ ಮೆಡಿಕಲ್ ಕಾಲೇಜಿಗೋ ಹೋಗುತ್ತವೆ. ಬೆಂಗಳೂರಿನ ವಾಣಿ ವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿ ಗೋಷನ್ ಹೆರಿಗೆಗೇ ಹೆಸರಾದ ಹಳೆಯ ಆಸ್ಪತ್ರೆಗಳು. ಹಗಲೂ ರಾತ್ರಿ ಡಾಕ್ಟರ್ ಇರುತ್ತಾರೆ. ದಿನಾ ಕಷ್ಟದ ಕೇಸು ನೋಡಿ ಪಳಗಿದ ಕೈಗಳು ಅಲ್ಲಿವೆ.

ಕಷ್ಟಗಳೂ ಇವೆ, ಮುಚ್ಚಿಡುವುದಿಲ್ಲ. ಜನ ಜಾಸ್ತಿ. ಪ್ರತಿ ಸಲ ಒಬ್ಬರೇ ಡಾಕ್ಟರ್ ಸಿಗುತ್ತಾರೆ ಅನ್ನುವ ಭರವಸೆ ಇಲ್ಲ. ಲೇಡಿ ಡಾಕ್ಟರೇ ಬೇಕು ಅಂತ ಹಟ ಹಿಡಿಯಲು ಆಗುವುದಿಲ್ಲ. ಕೆಲವು ಕಡೆ ಮಗು ಹುಟ್ಟಿದ ಮೇಲೆ ಕೈ ಬೆಚ್ಚಗೆ ಮಾಡಿ ಅಂತ ನಿಲ್ಲುವವರು ಈಗಲೂ ಇದ್ದಾರೆ. ಕೊಡಬೇಕಾಗಿಲ್ಲ. ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ದೂರು ಹೇಳಬಹುದು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡರು. ಐವಿ ದ್ರಾವಣದ ಮೇಲೆ ಅನುಮಾನ ಬಂದು ಸರ್ಕಾರ ಅದರ ಬಳಕೆ ನಿಲ್ಲಿಸಿತು. ಅದಾದ ಮೇಲೆ ಎಷ್ಟೋ ಮನೆಗಳಲ್ಲಿ ಭಯ ಕೂತಿದೆ. ಆ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೂ ತೊಂದರೆ ಇರುವ ಬಸುರಿಗೆ ರಕ್ತವಿಲ್ಲದ, ರಾತ್ರಿ ಡಾಕ್ಟರ್ ಇಲ್ಲದ ಸಣ್ಣ ನರ್ಸಿಂಗ್ ಹೋಮಿಗಿಂತ ದೊಡ್ಡ ಸರ್ಕಾರಿ ಆಸ್ಪತ್ರೆಯೇ ಮೇಲು ಅನ್ನುವುದು ಇವತ್ತಿಗೂ ನನ್ನ ಅಭಿಪ್ರಾಯ.

ಹೋಗಿ ನೋಡಬೇಕು ಅಂದರೆ ತಿಂಗಳ 9ನೇ ತಾರೀಖು ಹೋಗಿ. 2016ರಿಂದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಅವತ್ತು ನಾಲ್ಕನೇ ತಿಂಗಳು ದಾಟಿದ ಬಸುರಿಯರನ್ನು ಡಾಕ್ಟರೇ ನೋಡುತ್ತಾರೆ. ರಶ್ ಇರುತ್ತದೆ, ಬೆಳಿಗ್ಗೆ ಬೇಗ ಹೋಗಿ. ಹೆರಿಗೆ ಕೋಣೆಗೆ 'ಲಕ್ಷ್ಯ' ಸರ್ಟಿಫಿಕೇಟ್ ಸಿಕ್ಕಿದೆಯಾ ಅಂತಲೂ ಕೇಳಿ. 2017ರಲ್ಲಿ ಶುರುವಾದ ಈ ಕಾರ್ಯಕ್ರಮದಲ್ಲಿ ಹೆರಿಗೆ ಕೋಣೆಯ ಗುಣಮಟ್ಟ ನೋಡಿ ಸರ್ಟಿಫಿಕೇಟ್ ಕೊಡುತ್ತಾರೆ. ಹೆರಿಗೆ ಹೊತ್ತಲ್ಲಿ ಜೊತೆಗೆ ಅಮ್ಮನೋ ಅಕ್ಕನೋ ಇರಲು ಬಿಡಬೇಕು ಅನ್ನುವುದೂ ಅದರಲ್ಲಿದೆ.

ಆರೋಗ್ಯ ಕರ್ನಾಟಕ ಕಾರ್ಡ್ ಹಿಡಿದು ಖಾಸಗಿ ಆಸ್ಪತ್ರೆಗೆ

ಆಸ್ಪತ್ರೆ ಖರ್ಚು ಕೊಡುವ ಕೇಂದ್ರದ ಆಯುಷ್ಮಾನ್ ಭಾರತ್ ಮತ್ತು ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆ ಎರಡೂ 2018ರಲ್ಲಿ ಒಂದಾದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರದ, ಶೇಕಡಾ 30 ಮಾತ್ರ ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷ ದಾಟುವ ಹಾಗಿಲ್ಲ. ಉಳಿದ 70 ಭಾಗ ನಿಮ್ಮ ಜೇಬಿಂದ. ಈ ವ್ಯತ್ಯಾಸ ಗೊತ್ತಿಲ್ಲದೆ ಬಿಲ್ ಕೌಂಟರ್‌ನಲ್ಲಿ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ.

ತಂಗಿ ವಿಷಯದಲ್ಲಿ ನಾವು ಎಡವಿದ್ದು ಇಲ್ಲೇ. ಈ ಯೋಜನೆಯಲ್ಲಿ ಚಿಕಿತ್ಸೆಗಳನ್ನು ಗುಂಪು ಮಾಡಿದ್ದಾರೆ. ಸರಳವಾದವು ಸರ್ಕಾರಿ ಆಸ್ಪತ್ರೆಗೇ ಮೀಸಲು. ಸಾಮಾನ್ಯ ಹೆರಿಗೆ ಆ ಗುಂಪಿನಲ್ಲಿದೆ. ಕಷ್ಟದ ಕೇಸನ್ನು ಅಲ್ಲಿ ನೋಡಲು ಆಗದಿದ್ದರೆ ಸರ್ಕಾರಿ ಡಾಕ್ಟರ್ ರೆಫರಲ್ ಬರೆದುಕೊಡುತ್ತಾರೆ. ಆ ಚೀಟಿ ಹಿಡಿದು ನೆಟ್‌ವರ್ಕ್‌ನಲ್ಲಿರುವ, ಅಂದರೆ ಯೋಜನೆಗೆ ಸೇರಿರುವ, ಖಾಸಗಿ ಆಸ್ಪತ್ರೆಗೆ ಹೋಗಬಹುದು. ಯೋಜನೆಯ ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ಮಾತ್ರ ರೆಫರಲ್ ಇಲ್ಲದೆ ನೇರವಾಗಿ ಹೋಗಬಹುದು.

ಅಂದರೆ ಎಲ್ಲಾ ಚೆನ್ನಾಗಿರುವ ಬಸುರಿ "ನನಗೆ ಖಾಸಗಿಯೇ ಇಷ್ಟ" ಅಂತ ಕಾರ್ಡ್ ಹಿಡಿದು ಹೋಗುವ ದಾರಿ ಇದಲ್ಲ. ಮತ್ತೆ ಈ ಕಾರ್ಡ್ ಇರುವುದು ಅಡ್ಮಿಟ್ ಆದಾಗ ಬಳಸಲು. ತಿಂಗಳ ಚೆಕಪ್, ಕ್ಲಿನಿಕ್ ಫೀಸು, ಮೆಡಿಕಲ್ ಸ್ಟೋರಿನ ಐರನ್ ಮಾತ್ರೆ ಇದರಲ್ಲಿ ಬರುವುದಿಲ್ಲ.

ಖಾಸಗಿ ಆಸ್ಪತ್ರೆಗೆ ಹೋದರೆ ಡಾಕ್ಟರನ್ನು ಕೇಳುವ ಮೊದಲು ಈ ಯೋಜನೆಯ ಬಗ್ಗೆ ಸಹಾಯ ಮಾಡುವ ಆರೋಗ್ಯಮಿತ್ರರನ್ನು ಕೇಳಿ. ನೆಟ್‌ವರ್ಕ್ ಆಸ್ಪತ್ರೆಯಲ್ಲಿ ಅವರಿಗೆ ಒಂದು ಡೆಸ್ಕ್ ಇರುತ್ತದೆ. "ಆಯುಷ್ಮಾನ್ ಇದೆಯಾ?" ಅಂತ ಕೇಳಿದರೆ ಹೌದು ಅನ್ನುತ್ತಾರೆ. "ಹೆರಿಗೆ ವಿಭಾಗಕ್ಕೆ ಇದೆಯಾ? ನಮ್ಮ ಡಾಕ್ಟರ್ ಬರೆದಿರುವ ಈ ತೊಂದರೆಗೆ ಪ್ಯಾಕೇಜ್ ಇದೆಯಾ? ರೆಫರಲ್ ಯಾವ ಆಸ್ಪತ್ರೆಯಿಂದ ಬೇಕು?" ಅಂತ ಬಿಡಿಸಿ ಕೇಳಿ. ಬಿಪಿಎಲ್‌ನವರಿಗೆ ಪ್ಯಾಕೇಜ್ ಒಪ್ಪಿಗೆ ಆದ ಮೇಲೆ ಆಸ್ಪತ್ರೆ ಮೇಲಿಂದ ದುಡ್ಡು ಕೇಳುವ ಹಾಗಿಲ್ಲ. ಕೇಳಿದರೆ ರಸೀದಿ ಕೊಡಿ ಅನ್ನಿ, 104 ಅಥವಾ 14555ಕ್ಕೆ ಫೋನ್ ಮಾಡಿ.

ಹೆರಿಗೆ ಬಿಟ್ಟು ಬೇರೆ ಗರ್ಭಕೋಶದ ಸಮಸ್ಯೆಗೆ ಬರುವವರಿಗೂ ಒಂದು ಮಾತು. ಗೆಡ್ಡೆ ಇದೆ, ಗರ್ಭಕೋಶ ತೆಗೆಸಿಬಿಡಿ, ಕಾರ್ಡ್ ಇದೆಯಲ್ಲ ಖರ್ಚಿಲ್ಲ ಅಂತ ಯಾರಾದರೂ ಅವಸರ ಮಾಡಿದರೆ ಅಲ್ಲೇ ಒಪ್ಪಬೇಡಿ. ಕಲಬುರಗಿ ಕಡೆಯ ತಾಂಡಾಗಳಲ್ಲಿ ಬೇಡದಿದ್ದರೂ ಗರ್ಭಕೋಶ ತೆಗೆದ ಪ್ರಕರಣಗಳು ಹೊರಬಂದು ದೊಡ್ಡ ಹೋರಾಟವೇ ಆಯಿತು. ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಇನ್ನೊಬ್ಬರಿಗೆ ತೋರಿಸಿಯೇ ನಿರ್ಧಾರ ಮಾಡಿ.

ಇಎಸ್‌ಐ ಇದ್ದರೆ

ಗಾರ್ಮೆಂಟ್ಸ್‌ನಲ್ಲಿ, ಫ್ಯಾಕ್ಟರಿಯಲ್ಲಿ, ಅಂಗಡಿಯಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ತಮ್ಮ ಕೈಯಲ್ಲಿರುವ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾರ್ಡಿನ ಬೆಲೆ ತಿಳಿದುಕೊಂಡಿರುವುದು ಕಮ್ಮಿ. ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದರೆ ಇದು ಸಿಗುತ್ತದೆ. ಸಂಬಳದಿಂದ ಶೇಕಡಾ 0.75 ಹಿಡಿಯುತ್ತಾರೆ, ಮಾಲೀಕರು 3.25 ಕಟ್ಟುತ್ತಾರೆ. ಇಲ್ಲಿ ಚೆಕಪ್, ಮಾತ್ರೆ, ಹೆರಿಗೆ ಎಲ್ಲವೂ ಒಂದೇ ಕಾರ್ಡಿನಲ್ಲಿ ಬರುತ್ತದೆ. ಆರೋಗ್ಯ ಕರ್ನಾಟಕದಲ್ಲಿ ಇಲ್ಲದ ಅನುಕೂಲ ಇದು.

ಅದಕ್ಕಿಂತ ದೊಡ್ಡದು ರಜೆಯ ಸಂಬಳ. ಮೊದಲ ಎರಡು ಹೆರಿಗೆಗೆ 26 ವಾರ ಪೂರ್ತಿ ಸಂಬಳದ ಲೆಕ್ಕದಲ್ಲಿ ದುಡ್ಡು ಬರುತ್ತದೆ. ಅದಕ್ಕೆ ಹಿಂದಿನ ಎರಡು ಕಂತಿನ ಅವಧಿಯಲ್ಲಿ (ಒಂದೊಂದು ಆರು ತಿಂಗಳದ್ದು) ಒಟ್ಟು 70 ದಿನದ ವಂತಿಗೆ ಕಟ್ಟಿರಬೇಕು. ಬಸುರಿ ಅಂತ ಗೊತ್ತಾದ ಕೂಡಲೇ ಕೆಲಸ ಬಿಡಬೇಡಿ, ಮೊದಲು ಈ 70 ದಿನದ ಲೆಕ್ಕ ಹಾಕಿ. ಗಂಡನ ಇಎಸ್‌ಐ ಇದ್ದರೆ ಹೆಂಡತಿಗೆ ಚಿಕಿತ್ಸೆ ಸಿಗುತ್ತದೆ, ಈ ದುಡ್ಡು ಸಿಗುವುದಿಲ್ಲ.

ತೊಡಕು ಅಂದರೆ ದಾರಿ ಉದ್ದ. ಮೊದಲು ನಿಮ್ಮ ಹೆಸರಿರುವ ಡಿಸ್ಪೆನ್ಸರಿ, ಅಲ್ಲಿಂದ ಇಎಸ್‌ಐ ಆಸ್ಪತ್ರೆ, ಅಲ್ಲಿ ಆಗದಿದ್ದರೆ ಒಪ್ಪಂದ ಇರುವ ಖಾಸಗಿ ಆಸ್ಪತ್ರೆಗೆ ರೆಫರಲ್. ಬೆಂಗಳೂರಿನಲ್ಲಿ ರಾಜಾಜಿನಗರ, ಇಂದಿರಾನಗರದ ಹತ್ತಿರ ಇರುವವರಿಗೆ ಇದು ಚೆನ್ನ. ಕಲಬುರಗಿಯಲ್ಲೂ ದೊಡ್ಡ ಆಸ್ಪತ್ರೆ ಇದೆ. ಹತ್ತಿರ ಇಎಸ್‌ಐ ಆಸ್ಪತ್ರೆಯೇ ಇಲ್ಲದ ಊರಿನವರು ರಜೆಯ ದುಡ್ಡಿಗೆ ಇಎಸ್‌ಐ, ಹೆರಿಗೆಗೆ ತಾಲ್ಲೂಕು ಆಸ್ಪತ್ರೆ ಅಂತ ಇಟ್ಟುಕೊಳ್ಳುವುದು ಒಳ್ಳೆಯದು.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. ನಿಂತುಹೋಗಿದ್ದ ಈ ಯೋಜನೆ 2022ರಲ್ಲಿ ಮತ್ತೆ ಶುರುವಾಯಿತು, ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದ ತನಕ. ವರ್ಷ ವರ್ಷ ನೋಂದಣಿ ಮಾಡಿಸಬೇಕು, ಕೊನೇ ದಿನ ತಪ್ಪಿಹೋದರೆ ಆ ವರ್ಷ ಕಳೆಯಿತು. ಕೇಂದ್ರ ಸರ್ಕಾರಿ ನೌಕರರ ಮನೆಯವರಿಗೆ ಅವರದೇ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್‌ನ ವೆಲ್‌ನೆಸ್ ಸೆಂಟರ್ ಮೂಲಕ ಖಾಸಗಿ ಆಸ್ಪತ್ರೆಯ ದಾರಿ ಸಲೀಸು.

ಚೆಕಪ್ ಖಾಸಗಿ, ಹೆರಿಗೆ ಸರ್ಕಾರಿ

ನಿಜವಾಗಿ ಹೆಚ್ಚು ಮನೆಗಳಲ್ಲಿ ನಡೆಯುವುದು ಇದೇ. ಹತ್ತಿರದ ಡಾಕ್ಟರಮ್ಮನ ಹತ್ತಿರ ಫೀಸು ಕೊಟ್ಟು ತಿಂಗಳು ತಿಂಗಳು ತೋರಿಸುವುದು, ಹೆರಿಗೆಗೆ ಸರ್ಕಾರಿ ಆಸ್ಪತ್ರೆಗೆ ಹೋಗುವುದು. ನಾನು ಇದನ್ನು ಬೇಡ ಅನ್ನುವುದಿಲ್ಲ. ಕಾಯುವುದು ತಪ್ಪುತ್ತದೆ, ಧೈರ್ಯ ಹೇಳಲು ಒಬ್ಬರು ಗೊತ್ತಿರುವ ಡಾಕ್ಟರ್ ಇರುತ್ತಾರೆ, ದೊಡ್ಡ ಖರ್ಚೂ ಉಳಿಯುತ್ತದೆ.

ಒಂದೇ ಅಪಾಯ. ನೋವು ಶುರುವಾಗಿ ರಾತ್ರಿ ಹೋದಾಗ ಅಲ್ಲಿಯ ಡ್ಯೂಟಿ ಡಾಕ್ಟರ್‌ಗೆ ನೀವು ಯಾರು ಅಂತಲೇ ಗೊತ್ತಿರುವುದಿಲ್ಲ. ಇದಕ್ಕೆ ಮದ್ದು ತಾಯಿ ಕಾರ್ಡ್, ಅಂದರೆ ಬಸುರಿಯ ಚೆಕಪ್ ವಿವರ ಬರೆಯುವ ಸರ್ಕಾರಿ ಕಾರ್ಡ್. ಬಸುರಿ ಅಂತ ಗೊತ್ತಾದ ಮೊದಲ ಮೂರು ತಿಂಗಳೊಳಗೆ ಆಶಾ ಕಾರ್ಯಕರ್ತೆಗೆ ಹೇಳಿ ಮಾಡಿಸಿಕೊಳ್ಳಿ. ಎಲ್ಲಿ ತೋರಿಸಿದರೂ ಅದರಲ್ಲಿ ಬರೆಸಿ. ನನ್ನ ತಂಗಿಯ ಕಾರ್ಡ್ ಮೂಲೆ ಎಲ್ಲಾ ಮಡಚಿ, ಮೇಲೆ ಟೀ ಕಲೆ ಆಗಿತ್ತು. ಆದರೆ ತೂಕ, ಬಿಪಿ, ಎಚ್‌ಬಿ ಸಾಲುಗಳು ತುಂಬಿದ್ದವು. ಹೊಸ ಆಸ್ಪತ್ರೆಯ ಸಿಸ್ಟರ್ ಎಚ್‌ಬಿ ಸಾಲಿನ ಮೇಲೆ ಬೆರಳು ಎಳೆದುಕೊಂಡು ಹೋಗಿ, "ಐದನೇ ತಿಂಗಳಲ್ಲಿ 8.2 ಇತ್ತು, ಈಗ 10.4. ಮಾತ್ರೆ ಸರಿಯಾಗಿ ತಗೊಂಡಿದ್ದೀಯಮ್ಮ" ಅಂದರು. ಅವಳ ಮುಖದಲ್ಲಿ ಎರಡು ವಾರದ ಮೇಲೆ ನಗು ಕಂಡಿದ್ದು ಆಗಲೇ.

ಏಳನೇ ತಿಂಗಳಿಂದಲಾದರೂ ಹೆರಿಗೆ ಆಗಬೇಕಾದ ಆಸ್ಪತ್ರೆಗೇ ಹೋಗಿ ತೋರಿಸಲು ಶುರು ಮಾಡಿ. ಖಾಸಗಿ ಫೈಲು, ಸ್ಕ್ಯಾನಿಂಗ್ ರಿಪೋರ್ಟು ಎಲ್ಲವನ್ನೂ ತೋರಿಸಿ. ನಾಚಿಕೆಪಟ್ಟು ಬಚ್ಚಿಡುವವರಿದ್ದಾರೆ. ಬೈದರೂ ಬೈಯಲಿ, ರಿಪೋರ್ಟ್ ಅವರ ಕಣ್ಣಿಗೆ ಬೀಳಬೇಕು.

ಪೂರ್ತಿ ಕೈಯಿಂದ ಖರ್ಚು ಮಾಡುವುದಾದರೆ

ಆ ಶಕ್ತಿ ಇದ್ದವರಿಗೆ ಡಾಕ್ಟರ್ ಆಯ್ಕೆ ಪೂರ್ತಿ ತಮ್ಮದು, ಪ್ರತ್ಯೇಕ ರೂಮು ಸಿಗುತ್ತದೆ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳು ಅವುಗಳಿಗೆಂದೇ ಇರುವ ಕೆಪಿಎಂಇ ಕಾಯ್ದೆಯ ಪ್ರಕಾರ ದರಪಟ್ಟಿ ಹಾಕಬೇಕು. ಸಾಮಾನ್ಯ ಹೆರಿಗೆಗೆ ಎಷ್ಟು, ಸಿಸೇರಿಯನ್‌ಗೆ ಎಷ್ಟು, ಮಗುವನ್ನು ಎನ್‌ಐಸಿಯುನಲ್ಲಿಟ್ಟರೆ ದಿನಕ್ಕೆ ಎಷ್ಟು ಅಂತ ಮೂರನ್ನೂ ಕೇಳಿ. ಸಾಲ ಆಗುವುದು ಹೆಚ್ಚಾಗಿ ಮೂರನೆಯದರಿಂದ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಖಾಸಗಿ ಆಸ್ಪತ್ರೆಯ ಹೆರಿಗೆಗಳಲ್ಲಿ ಶೇಕಡಾ 47.4 ಸಿಸೇರಿಯನ್, ಸರ್ಕಾರಿಯಲ್ಲಿ 14.3. ಎಲ್ಲವೂ ಬೇಡದ ಆಪರೇಷನ್ ಅಂತ ಇದರ ಅರ್ಥ ಅಲ್ಲ. ಬಜೆಟ್ ಹಾಕುವಾಗ ಮಾತ್ರ ಸಿಸೇರಿಯನ್ ಖರ್ಚನ್ನೇ ಲೆಕ್ಕಕ್ಕೆ ಹಿಡಿಯಿರಿ.

ಯಾರಿಗೆ ಯಾವುದು?

ಮೊದಲ ಬಸಿರು, ಆರೋಗ್ಯ ಚೆನ್ನಾಗಿದೆ, ಬಿಪಿಎಲ್ ಕಾರ್ಡ್ ಇದೆ: ಸಿಸೇರಿಯನ್ ಆಗುವ ತಾಲ್ಲೂಕು ಆಸ್ಪತ್ರೆ ಸಾಕು. ದೂರದ ದೊಡ್ಡ ಆಸ್ಪತ್ರೆಗೆ ಓಡಾಡುವ ಅಗತ್ಯ ಇಲ್ಲ.

ತೊಂದರೆ ಇದೆ ಅಂತ ಗೊತ್ತಾಗಿದೆ, ದುಡ್ಡಿಲ್ಲ: ಜಿಲ್ಲಾ ಆಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿನಲ್ಲಿ ಈಗಲೇ ಹೆಸರು ಬರೆಸಿ. ಅಲ್ಲಿ ಆಗದಿದ್ದರೆ ರೆಫರಲ್ ಅಲ್ಲಿಂದಲೇ ಸಿಗುತ್ತದೆ. ತುರ್ತಿನಲ್ಲಿ ಚೀಟಿಗೆ ಅಲೆಯುವುದು ತಪ್ಪುತ್ತದೆ.

ತೊಂದರೆ ಇದೆ, ಎಪಿಎಲ್ ಕಾರ್ಡ್, ಸ್ವಲ್ಪ ಉಳಿತಾಯ ಇದೆ: ಇವರು ಅತಿ ಇಕ್ಕಟ್ಟಿನಲ್ಲಿರುವವರು. ಕಾರ್ಡ್ 30 ಭಾಗ ಕೊಡುತ್ತೆ ಅಂತ ನಂಬಿ ಖಾಸಗಿಗೆ ಹೋದರೆ ಉಳಿತಾಯ ಒಂದು ವಾರದ ಎನ್‌ಐಸಿಯುಗೆ ಕರಗಬಹುದು. ಸರ್ಕಾರಿಯಲ್ಲಿ ನಿಮಗೂ ಪೂರ್ತಿ ಉಚಿತ ಅನ್ನುವುದು ನೆನಪಿರಲಿ. ನಾನಾಗಿದ್ದರೆ ಮೆಡಿಕಲ್ ಕಾಲೇಜಿಗೆ ಹೋಗಿ, ಉಳಿತಾಯವನ್ನು ಬಾಣಂತನಕ್ಕೆ ಇಟ್ಟುಕೊಳ್ಳುತ್ತಿದ್ದೆ.

ಹೆರಿಗೆಗೆ ತವರಿಗೆ ಹೋಗುವವರು: ಇದರ ಬಗ್ಗೆ ಯಾರೂ ಯೋಚನೆ ಮಾಡುವುದೇ ಇಲ್ಲ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಏಳು ತಿಂಗಳು ತೋರಿಸಿ, ಸೀಮಂತ ಮುಗಿಸಿ, ಹೊಸನಗರದ ಕಡೆಯ ಹಳ್ಳಿಗೆ ಹೊರಡುತ್ತಾರೆ. ಅಲ್ಲಿ ಮಳೆಗಾಲದಲ್ಲಿ ಶಿವಮೊಗ್ಗಕ್ಕೆ ಹೋಗಲು ಎಷ್ಟು ಹೊತ್ತು ಬೇಕು? ನಾಲ್ಕನೇ ತಿಂಗಳಲ್ಲೇ ತವರಿನ ಹತ್ತಿರದ ಆಸ್ಪತ್ರೆಗೆ ಒಂದು ಸಲ ಹೋಗಿ ಬನ್ನಿ, ಅಲ್ಲಿಯ ಆಶಾ ಕಾರ್ಯಕರ್ತೆಯ ನಂಬರ್ ತಗೊಳ್ಳಿ. ಇಎಸ್‌ಐ ಇದ್ದರೆ ತವರಿನ ಊರಲ್ಲಿ ಹೇಗೆ ತೋರಿಸುವುದು ಅಂತ ಮೊದಲೇ ಡಿಸ್ಪೆನ್ಸರಿಯಲ್ಲಿ ಕೇಳಿಕೊಳ್ಳಿ. ತೊಂದರೆ ಇರುವ ಬಸಿರಾದರೆ ಅಮ್ಮನನ್ನೇ ನಿಮ್ಮ ಮನೆಗೆ ಕರೆಸಿಕೊಳ್ಳಿ. ಹಿರಿಯರಿಗೆ ಬೇಜಾರಾಗಬಹುದು, ಬಿಡಿಸಿ ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ.

ಕಾಗದ ಪತ್ರ

ತಾಯಿ ಕಾರ್ಡ್, ರೇಷನ್ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ಆರೋಗ್ಯ ಅಥವಾ ಇಎಸ್‌ಐ ಕಾರ್ಡ್, ಎಲ್ಲದರ ಎರಡೆರಡು ಜೆರಾಕ್ಸ್ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ಮದುವೆ ಆದ ಮೇಲೆ ರೇಷನ್ ಕಾರ್ಡಿಗೆ ಹೆಸರು ಸೇರಿಸದೆ ಬಿಟ್ಟವರು ಬಹಳ. ಗಂಡನ ಮನೆ ಕಾರ್ಡಿನಲ್ಲೂ ಇಲ್ಲ, ತವರಿನದರಲ್ಲೂ ತೆಗೆದಿದ್ದಾರೆ. ಈ ಕೆಲಸ ಮೂರನೇ ತಿಂಗಳೊಳಗೆ ಮುಗಿಸಿ. ಪಾಸ್‌ಬುಕ್ ಯಾಕೆ ಅಂದರೆ ಬಿಪಿಎಲ್ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆಸ್ಪತ್ರೆ ಹೆರಿಗೆಗೆ ಜನನಿ ಸುರಕ್ಷಾ ಯೋಜನೆಯಲ್ಲಿ ಹಳ್ಳಿಯವರಾದರೆ 700, ಪಟ್ಟಣದವರಾದರೆ 600 ರೂಪಾಯಿ ಬರುತ್ತದೆ. ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000, ಎರಡನೆಯದು ಹೆಣ್ಣಾದರೆ 6,000. ಅದರ ಅರ್ಜಿಗೆ ಅಂಗನವಾಡಿಯಲ್ಲಿ ಕೇಳಿ.

ಕವರಿನ ಮೇಲೆ ದಪ್ಪ ಅಕ್ಷರದಲ್ಲಿ ರಕ್ತದ ಗುಂಪು, ಹೆರಿಗೆಯ ತಾರೀಖು, ಆಶಾ ಕಾರ್ಯಕರ್ತೆಯ ನಂಬರ್ ಬರೆದಿಡಿ. ತಂಗಿಗೆ ನೋವು ಬಂದಿದ್ದು ಬೆಳಗಿನ ಜಾವ ಮೂರಕ್ಕೆ. ಅವಳ ಗಂಡನ ಕೈ ನಡುಗುತ್ತಿತ್ತು, ಫೋನಿನಲ್ಲಿ ಯಾವ ಹೆಸರೂ ಸಿಗುತ್ತಿರಲಿಲ್ಲ. ಆ ಕವರ್ ನೋಡಿಯೇ ನಾನು ಆಶಾ ಅಕ್ಕನಿಗೆ ಫೋನ್ ಮಾಡಿದ್ದು. ನಾವು ತಲುಪುವ ಹೊತ್ತಿಗೆ ಅವರು ಆಸ್ಪತ್ರೆ ಬಾಗಿಲಲ್ಲೇ ನಿಂತಿದ್ದರು.